ಬಾಗಿಲಿಗೆ ಕೂತ ಕಂಬಳಿಯವನು

ಅಮ್ಮ ಹೇಳುತ್ತಿದ್ದ ಬೆಟ್ಟದೂರಿನ ಕತೆಯಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತಿದ್ದವನು ಒಬ್ಬ ಕಂಬಳಿಯವನು. ಅರೆ ತೆರೆದ ಬಾಗಿಲು. ಆ ಸಂದಿನಲ್ಲಿ, ಹೊಸ್ತಿಲ ಮೇಲೆ, ತಲೆಯಿಂದ ಕಂಬಳಿಕೊಪ್ಪೆ ಹಾಕಿಕೊಂಡು ಹೊರಗೆ ಮುಖ ಮಾಡಿ ಕೂತ ಒಂದು ಅಗಲವಾದ ಬೆನ್ನು. ಅವನ ಮುಖ ಹೇಗಿತ್ತು ಎಂದು ನಾವು ಮಕ್ಕಳು ಕೇಳಿದರೆ ಅಮ್ಮನಿಗೆ ರೇಗುತ್ತಿತ್ತು. “ತಿರುಗಿದ್ದರೆ ತಾನೆ ಕಾಣೋದು? ಒಂದು ಸಲ ಈ ಕಡೆ ನೋಡಿ, ತಾಯೀ ನೀರು ಬೇಕೇ ಅಂತ ಕೇಳಲಿಲ್ಲ ಪುಣ್ಯಾತ್ಮ,” ಎನ್ನುತ್ತಿದ್ದಳು. ಲಾಡ್ಜಿನ ಆಳು ಇರಬೇಕು ಎಂಬುದು ಅವಳ ಊಹೆಯಾಗಿತ್ತು.

ಅದು ಅವರ ಮದುವೆಯಾದ ಹೊಸತು. ಅಪ್ಪ ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದರು. ಗಾದಿಯ ಮೇಲೆ ಸೀರೆ ಬಿಡಿಸಿ ಹಾಸಿ, ಅಂಚಿನ ಮೇಲೆ ಬೆರಳಾಡಿಸುತ್ತ ಅವರು ವರ್ಣಿಸತೊಡಗಿದರೆ, ಸುಮ್ಮನೆ ನೋಡಿ ಹೋಗಲು ಬಂದವರೂ ಕಟ್ಟಿಸಿಕೊಂಡೇ ಹೋಗುತ್ತಿದ್ದರಂತೆ. ಹಬ್ಬದ ವ್ಯಾಪಾರ ಮುಗಿದ ಮೇಲೆ ಸಾಹುಕಾರರು ಕೆಲವು ದಿನ ರಜೆ ಕೊಟ್ಟರು. ಹೊಸ ಹೆಂಡತಿಗೆ ಬೆಟ್ಟದೂರು ತೋರಿಸಬೇಕೆಂದು ಅಪ್ಪ ಬಸ್ಸು ಹತ್ತಿಸಿದರು. ತಿರುವುಗಳನ್ನು ಹತ್ತುತ್ತಿದ್ದಂತೆ ಅಮ್ಮನಿಗೆ ಮೈ ಕಾದು ನಡುಕ ಹುಟ್ಟಿತು. ಊರು ತಲುಪುವಾಗ ಕತ್ತಲಾಗಿತ್ತು, ಜ್ವರ ನೆತ್ತಿಗೇರಿತ್ತು. ಸಿಕ್ಕ ಲಾಡ್ಜಿನ ಹಿಂದಿನ ಕೋಣೆಯಲ್ಲಿ ಮಲಗಿದವಳು, ಊರು ಬಿಡುವ ದಿನ ಮಂಜಿನಲ್ಲಿ ಶಾಲು ಹೊದೆಸಿ ಎತ್ತಿಕೊಂಡು ಬಸ್ಸಿಗೆ ಕೂರಿಸುವ ತನಕ ಏಳಲೇ ಇಲ್ಲ.

ತನ್ನಿಂದ ಎಲ್ಲ ಹಾಳಾಯಿತಲ್ಲ ಎಂದು ಅವಳು ಅತ್ತಳಂತೆ. ಕೊನೆಗೆ, ನೀವಾದರೂ ಹೋಗಿ ನೋಡಿ ಬನ್ನಿ, ನೋಡಿದ್ದನ್ನು ನನಗೆ ಹೇಳಿ, ಇಲ್ಲದಿದ್ದರೆ ನಾನು ಔಷಧಿ ಕುಡಿಯುವುದಿಲ್ಲ ಎಂದು ಹಟ ಹಿಡಿದಳು. ಅಪ್ಪ ಒಪ್ಪಿದರು. ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಹೋಗಿ ಬರುತ್ತೇನೆಂದು ಹೊರಡುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಆ ಕಂಬಳಿಯವನು ಬಂದು ಬಾಗಿಲಲ್ಲಿ ಕೂರುತ್ತಿದ್ದ. ಅಮ್ಮ ಜ್ವರದ ಮಂಪರಿನಲ್ಲಿ ಕಣ್ಣು ಬಿಟ್ಟಾಗಲೆಲ್ಲ ಆ ಬೆನ್ನು ಅಲ್ಲೇ ಇರುತ್ತಿತ್ತು. ಸಂಜೆ ಅಪ್ಪ ಮೂಗು ಕೆಂಪಗೆ ಮಾಡಿಕೊಂಡು, ಮಂಜುಗಡ್ಡೆಯಂಥ ಕೈಗಳನ್ನು ಉಜ್ಜಿಕೊಳ್ಳುತ್ತ ಒಳಗೆ ಬಂದು, ಸೀರೆ ಬಿಡಿಸಿದ ಹಾಗೆ ಊರನ್ನು ಬಿಡಿಸಿ ಹಾಸುತ್ತಿದ್ದರು.

ಆ ಊರಿನಲ್ಲಿ ಏಳು ಮೆಟ್ಟಿಲಿನ ಜಲಪಾತವಿದೆ, ಆದರೆ ಅದು ದಿನವಿಡೀ ಧುಮುಕುವುದಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಒಮ್ಮೆ. ಕಾದು ನೋಡಬೇಕು. ಕರಿಕಲ್ಲಿನ ಕೋಟೆಯಿದೆ, ಅದರ ಒಂದು ಮಗ್ಗುಲು ಕುಸಿದಿದೆ. ಕೋಟೆಗೆ ಕೆಂಪು ರುಮಾಲಿನ ಒಬ್ಬ ಕಾವಲುಗಾರ; ಬಲು ಜಂಬದವನು, ಎದೆ ಸೆಟೆಸಿ ಅತ್ತಿಂದಿತ್ತ ಓಡಾಡುತ್ತಾನೆ, ಹತ್ತಿರ ಹೋದವರನ್ನು ಅಟ್ಟಿಸಿಕೊಂಡು ಬರುತ್ತಾನೆ. ಮತ್ತೆ ನಾಲ್ಕು ಮೂಲೆಯ ಒಂದು ಕೊಳ. ಅದರಲ್ಲಿ ಒಂದೇ ಒಂದು ದೋಣಿ, ಅಂಬಿಗನಿಲ್ಲ, ಗಾಳಿ ಎತ್ತ ಬೀಸಿದರೆ ಅತ್ತ ಹೋಗುತ್ತದೆ. ಅಮ್ಮ ಇದನ್ನೆಲ್ಲ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ಒಂದು ಸಂಜೆ, ಬಾಗಿಲಲ್ಲಿ ಕೂರುವ ಆ ಮನುಷ್ಯನಿಗೂ ಚಳಿಯಲ್ಲವೇ, ಪಾಪ, ಒಂದು ಲೋಟ ಕಾಫಿ ಕೊಡಿಸಿ ಎಂದಳಂತೆ. ಮರುದಿನ ಅಪ್ಪ ಬಂದು, “ಕೊಡಿಸಿದೆ. ಕುಡಿದ. ಚೆನ್ನಾಗಿತ್ತಂತೆ,” ಎಂದಿದ್ದರು.

ಹೀಗೆ ಕಾಣದ ಊರನ್ನು ಅಮ್ಮ ಕಂಡವರಿಗಿಂತ ಹೆಚ್ಚಾಗಿ ಬಲ್ಲವಳಾದಳು. ನಮ್ಮ ಬೀದಿಯಿಂದ ಯಾರು ಬೆಟ್ಟದೂರಿಗೆ ಹೊರಟರೂ, ಏನೇನು ನೋಡಬೇಕು, ಯಾವುದನ್ನು ಯಾವ ಹೊತ್ತಿಗೆ ನೋಡಬೇಕು ಎಂದು ಕರೆದು ಕೂರಿಸಿ ಹೇಳುತ್ತಿದ್ದಳು. ಅವರು ತಿರುಗಿ ಬಂದು, ಜಲಪಾತ ಸಿಗಲಿಲ್ಲವಲ್ಲ ಎಂದರೆ ಇವಳೇ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. “ಹೊತ್ತಿಗೆ ಸರಿಯಾಗಿ ಹೋಗಲಿಲ್ಲ ನೀವು. ಹೋಟೆಲಿನಲ್ಲಿ ಬೋಂಡಾ ತಿನ್ನುತ್ತಾ ಕೂತರೆ ಜಲಪಾತ ನಿಮಗೋಸ್ಕರ ಕಾಯುತ್ತಾ?” ಆಗ ಅಪ್ಪ ಪಡಸಾಲೆಯಲ್ಲಿ ಪೇಪರು ಮುಖಕ್ಕೆ ಹಿಡಿದು ಕೂತಿರುತ್ತಿದ್ದರು.

ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಅಮ್ಮ ಒಂದು ದಿನ, ಬೆಟ್ಟದೂರಿಗೆ ಕರೆದುಕೊಂಡು ಹೋಗೇ ಎಂದಳು. ಅವರು ನೋಡಿದ್ದನ್ನು ತಾನೂ ಕಣ್ಣಾರೆ ನೋಡಿಬಿಡಬೇಕು, ಅಷ್ಟೇ ಆಸೆ ಎಂದಳು. ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದೇ ಅಪರೂಪ. ನಾನು ಮರುಮಾತಿಲ್ಲದೆ ಹೊರಟೆ.

ಲಾಡ್ಜ್ ಇನ್ನೂ ಇತ್ತು. ರಸ್ತೆ ಕಡೆಗೆ ಹೊಸ ಕೋಣೆಗಳನ್ನು ಕಟ್ಟಿದ್ದರು. ನಮಗೆ ಅದರಲ್ಲೊಂದು ಸಿಕ್ಕಿತು. ನೋಡಿಕೊಳ್ಳುತ್ತಿದ್ದವರು ದೇವೀರಮ್ಮ ಎಂಬ ಗಟ್ಟಿಮುಟ್ಟಾದ ಹೆಂಗಸು, ಲಾಡ್ಜಿನ ಮಾಲೀಕರ ಮನೆಗೆ ಸೊಸೆಯಾಗಿ ಬಂದವರು, ಅಪ್ಪ ಅಮ್ಮ ಬಂದುಹೋದ ಎಷ್ಟೋ ಕಾಲದ ನಂತರ. ಮಾದೇಶ ಎಂಬವನ ಜೀಪನ್ನು ಮಾತಾಡಿದೆವು. ಬೆಟ್ಟದೂರಿಗೆ ಬಂದವರು ಮಾಡುವುದನ್ನೆಲ್ಲ ನಾವೂ ಮಾಡಿದೆವು. ಚಳಿಯಲ್ಲಿ ಹಲ್ಲು ಕಡಿಯುತ್ತ ಸೂರ್ಯೋದಯದ ಬಂಡೆ ಹತ್ತಿದೆವು. ಸೂರ್ಯ ಮೋಡದೊಳಗೇ ಹುಟ್ಟಿ ಮೋಡದೊಳಗೇ ಮೇಲೆ ಹೋದ. ಹೂದೋಟದಲ್ಲಿ ಹುಲ್ಲು ತುಳಿಯಬೇಡಿ ಎಂಬ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಉಣ್ಣೆಯ ಟೋಪಿ ಹಾಕಿ ನೋಡಿ, ಬೆಲೆ ಕೇಳಿ, ವಾಪಸು ಇಟ್ಟೆವು. ಬಿಸಿ ಬಿಸಿ ಕಡಲೆಕಾಯಿ ತಿಂದೆವು. ಇಳಿಜಾರಿನಲ್ಲಿ ಕೂಗಿದರೆ ಬೆಟ್ಟ ಓಗೊಡುತ್ತದೆ ಎಂದು ಮಾದೇಶ ಹೇಳಿದ. ಅಮ್ಮ ನಾಚಿಕೊಂಡು ಕೂಗಲಿಲ್ಲ, ನಾನು ಕೂಗಿದೆ.

ಇದೆಲ್ಲ ಆದ ಮೇಲೆ ಅಮ್ಮ, ಇನ್ನು ಜಲಪಾತಕ್ಕೆ ನಡೆಯಪ್ಪ ಎಂದಳು. ಯಾವ ಜಲಪಾತ ಎಂದು ಅವನು ಕೇಳಿದ. ಅವಳು ವಿವರಿಸಿದಳು. ಮಾದೇಶ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಕ್ಕುಬಿಟ್ಟ. “ಹೊತ್ತು ನೋಡ್ಕಂಡು ಬೀಳಾಕೆ ಅದೇನು ನಲ್ಲಿ ನೀರೇನಮ್ಮ? ನಾನು ಹುಟ್ಟಿದ್ದೇ ಇಲ್ಲಿ. ನಮ್ಮೂರಲ್ಲಿ ಫಾಲ್ಸೇ ಇಲ್ಲ.” ಕೋಟೆಯೂ ಇರಲಿಲ್ಲ. ಕೊಳವೂ ಇರಲಿಲ್ಲ. ಅಮ್ಮ ನಂಬದೆ ಹಣ್ಣಿನ ಅಂಗಡಿಯವರನ್ನು ಕೇಳಿದಳು, ಪೋಸ್ಟ್ ಆಫೀಸಿನ ಮುಂದೆ ಬಿಸಿಲು ಕಾಯಿಸುತ್ತಿದ್ದ ಮುದುಕರನ್ನು ಕೇಳಿದಳು. ಅವರಲ್ಲೊಬ್ಬರು, ನೀವು ಬೇರೆ ಯಾವುದೋ ಊರಿಗೆ ಬರಬೇಕಾಗಿತ್ತೇನೋ ತಾಯಿ ಎಂದರು.

ಅಲ್ಲಿಂದ ಅಮ್ಮ ಮಂಕಾದಳು. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತವರಿಗೆಲ್ಲ ‘ನಮ್ಮನೆಯವರು ಹೀಗೆ, ನಮ್ಮನೆಯವರು ಹಾಗೆ’ ಎಂದು ಹೇಳುತ್ತ ಬಂದವಳು ಅಪ್ಪನ ಹೆಸರೇ ಎತ್ತದಾದಳು. ಕೋಣೆಗೆ ಬಂದ ಮೇಲೆ ನಾನೇ, ನಿನಗೆ ಖುಷಿಯಾಗಲಿ ಎಂದು ಏನೋ ಕಟ್ಟಿ ಹೇಳಿರಬೇಕು ಬಿಡಮ್ಮ ಎಂದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

“ಕಟ್ಟಿ ಹೇಳಲಿ, ಬೇಡ ಅನ್ನಲ್ಲ. ಆದರೆ ಬೆಳಿಗ್ಗೆ ಹೋದವರು ಸಂಜೆ ತನಕ ಎಲ್ಲಿಗೆ ಹೋಗಿದ್ದರು? ಮೈ ಮೇಲೆ ಜ್ಞಾನ ಇಲ್ಲದೆ ಬಿದ್ದಿದ್ದ ನನ್ನನ್ನ ಯಾವನೋ ಕಂಬಳಿಯವನಿಗೆ ಒಪ್ಪಿಸಿ ಹೋಗೋ ಅಂಥದ್ದು ಅವರಿಗೇನಿತ್ತು?”

ಉತ್ತರ ಹೇಳಬೇಕಾದವರು ಇರಲಿಲ್ಲ. ಇಷ್ಟು ವರ್ಷ ಅವಳು ಬೆಚ್ಚಗೆ ಇಟ್ಟುಕೊಂಡಿದ್ದ ಒಂದೇ ಒಂದು ಸಂಗತಿ ನನ್ನ ಕಣ್ಣೆದುರೇ ತಣ್ಣಗಾಗುತ್ತಿತ್ತು. ಯಾಕಾದರೂ ಕರೆದುಕೊಂಡು ಬಂದೆನೋ ಎಂದು ನನ್ನನ್ನೇ ಬೈದುಕೊಂಡೆ. ಬೆಳಗಾದರೆ ಊರಿಗೆ ಹೊರಡೋಣ ಎಂದು ತೀರ್ಮಾನವಾಯಿತು.

ಬೆಳಿಗ್ಗೆ ನಾನು ಏಳಲಾಗಲಿಲ್ಲ. ಸೂರ್ಯೋದಯದ ಬಂಡೆಯ ಗಾಳಿ ಕೆಲಸ ಮಾಡಿತ್ತು. ಮೈ ಕೆಂಡವಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ದೇವೀರಮ್ಮ ಬಂದು ಹಣೆ ಮುಟ್ಟಿ, ರಸ್ತೆ ಕಡೆಯ ಕೋಣೆಗೆ ನೇರ ಗಾಳಿ, ಇಲ್ಲಿ ಆಗುವುದಿಲ್ಲ ಎಂದು ನನ್ನನ್ನು ಹಿಂದಿನ ಹಳೆಯ ಕೋಣೆಗೆ ನಡೆಸಿಕೊಂಡು ಹೋದರು. ಒಳಗೆ ಕಾಲಿಡುತ್ತಲೇ ಅಮ್ಮ ಗುರುತು ಹಿಡಿದಳು. ಮಂಚ, ಅದರ ಎದುರು ಬಾಗಿಲು, ಅಷ್ಟೇ. ಕಿಟಕಿಯಿರಲಿಲ್ಲ. ದೇವೀರಮ್ಮ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ತುಂಬಿಸಿ ತಂದು ಮಂಚದ ಬದಿಗಿಟ್ಟರು. ಕಷಾಯ ಕುಡಿಸಿದರು. ಬಾಗಿಲನ್ನು ಅರ್ಧ ಎಳೆದು, ಒಂದು ಕರಿ ಕಂಬಳಿಯನ್ನು ಅಮ್ಮನ ಕಡೆ ಚಾಚಿದರು.

“ಬಾಗ್ಲು ಪೂರಾ ಹಾಕಂಗಿಲ್ಲ ಅಮ್ಮಾರೆ, ಇದ್ದಿಲ ಹೊಗೆ ಕಟ್ಕಂಡ್ರೆ ಮನ್ಸ ಏಳಾಕಿಲ್ಲ. ತೆಗ್ದಿಟ್ರೆ ಚಳಿಗಾಳಿ. ಅದ್ಕೇ ಸಂದಿನಾಗೆ ಒಬ್ರು ಅಡ್ಡ ಕೂರ್ಬೇಕು. ಬಾಗ್ಲಿಗೆ ಕೂರಾದು ಅಂತೀವಿ.”

ಅದಕ್ಕೆ ನಿಮ್ಮ ಕಡೆಯ ಆಳು ಇರುತ್ತಾನಲ್ಲ, ನಾನು ಇದೇ ಮಂಚದಲ್ಲಿ ಮಲಗಿದ್ದಾಗ ಅವನೇ ಕೂತಿದ್ದ ಎಂದು ಅಮ್ಮ ಹೇಳಿದಳು. ದೇವೀರಮ್ಮ ಕೆಂಡ ಕೆದಕುವುದನ್ನು ನಿಲ್ಲಿಸಿ ತಲೆಯೆತ್ತಿದರು.

“ಆಳಾ? ಇಲ್ಲ ಬಿಡ್ರಿ. ಬ್ಯಾರೆಯೋರು ಬಾಗ್ಲಿಗೆ ಕೂರಾ ಪದ್ಧತಿ ನಮ್ಮೂರಲ್ಲೇ ಇಲ್ಲ. ಮಲಗಿರೋರ ಮನೇರೇ ಕೂರ್ಬೇಕು. ಆಳ್ನ ಕೂರ್ಸಿದ್ರೆ ಊರೋರು ಮುಖಕ್ಕೆ ಉಗೀತಾರೆ. ಅದೂ ಬೆನ್ನು ಕೊಟ್ಟೇ ಕೂರ್ಬೇಕು, ಮಾತಾಡಿಸ್ಬಾರ್ದು. ಜ್ವರಕ್ಕೆ ಮುಖ ಕೊಟ್ರೆ ಅದು ಇಲ್ಲೇ ಠಿಕಾಣಿ ಹೂಡ್ತದೆ.”

ಕಂಬಳಿ ಅಮ್ಮನ ಕೈಯಲ್ಲಿತ್ತು. ತನಗೆ ತಾನೇ ಹೇಳಿಕೊಳ್ಳುವಂತೆ, “ಕಾಫಿ ಚೆನ್ನಾಗಿತ್ತಂತೆ,” ಎಂದಳು. ದೇವೀರಮ್ಮನಿಗೆ ಅದು ಅರ್ಥವಾಗಲಿಲ್ಲ. ಯಾವ ಕಾಫಿ ಎಂದು ನನ್ನ ಮುಖ ನೋಡಿದರು. ಅಮ್ಮ ಕೊಪ್ಪೆ ಹಾಕಿಕೊಂಡು, ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಹೊಸ್ತಿಲ ಮೇಲೆ ಕೂತಳು.

ಅಂದು ಇಡೀ ದಿನ ನಾನು ಕಣ್ಣು ಬಿಟ್ಟಾಗಲೆಲ್ಲ ಕಂಡದ್ದು ಆ ಕಂಬಳಿಯ ಬೆನ್ನು. ಹೊರಗೆ ಏನಿದೆಯೆಂದು ಮಂಚದಿಂದ ಕಾಣುತ್ತಿರಲಿಲ್ಲ. ಒಮ್ಮೆ ಯಾರೋ ಹಂಡೆ ಬಗ್ಗಿಸಿದ ಸದ್ದಾಯಿತು, ನೀರು ದಡದಡನೆ ಎಲ್ಲಿಗೋ ಇಳಿದುಹೋಯಿತು. ಅಮ್ಮನ ಬೆನ್ನು ತಟ್ಟನೆ ನೆಟ್ಟಗಾಯಿತು. ಇನ್ನೊಮ್ಮೆ ಒಂದು ಕೋಳಿ ಹತ್ತಿರದಲ್ಲೇ ಕೂಗಿತು. ಅವಳು ಅದನ್ನು ಓಡಿಸಲಿಲ್ಲ, ಕತ್ತು ಚಾಚಿ ನೋಡುತ್ತಿದ್ದಳು. ನೀರು ಬೇಕೆಂದು ನಾನು ಗೊಣಗಿದಾಗ ಕೈಯೊಂದು ಕಂಬಳಿಯಿಂದ ಹೊರಬಂದು, ಮುಖ ತಿರುಗಿಸದೆಯೇ, ಚೊಂಬನ್ನು ಹಿಂದಕ್ಕೆ ಸರಿಸಿತು. ಆ ಚೊಂಬು ಹಿಂದಿನ ಸಲವೂ ಹೀಗೇ ಬಂದಿರಬೇಕು, ಅದು ಎಲ್ಲಿಂದ ಬಂತೆಂದು ಅಮ್ಮ ಯೋಚಿಸಿರಲಿಕ್ಕಿಲ್ಲ ಎಂದು ನನಗೆ ಆಗ ಹೊಳೆಯಿತು. ಹೊದಿಕೆಯೊಳಗೆ ಅತ್ತುಬಿಟ್ಟೆ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಸಂಜೆ ದೇವೀರಮ್ಮ ಅಗ್ಗಿಷ್ಟಿಕೆ ಒಯ್ದ ಮೇಲೆ ಅಮ್ಮ ಬಾಗಿಲು ಹಾಕಿ ಒಳಗೆ ಬಂದಳು. ಮೂಗು ಕೆಂಪಾಗಿತ್ತು. ಹಣೆ ಮುಟ್ಟಿದ ಕೈ ಮಂಜುಗಡ್ಡೆಯಾಗಿತ್ತು. ಕಂಬಳಿಯನ್ನು ಮಂಚದ ಮೇಲೆ ಹಾಸಿ, ಅದರ ಅಂಚಿನ ಮೇಲೆ ಬೆರಳಾಡಿಸುತ್ತ ಹೇಳತೊಡಗಿದಳು.

ಅಡಿಗೆಮನೆಯ ಹಿತ್ತಲಿಗೆ ಏಳು ಮೆಟ್ಟಿಲಿದ್ದವಂತೆ. ಪಾತ್ರೆ ತೊಳೆದ ನೀರನ್ನು ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಮೇಲಿನ ಮೆಟ್ಟಿಲಿನಿಂದ ಸುರಿಯುತ್ತಾರೆ. “ನಾನು ಹೊತ್ತಿಗೆ ಸರಿಯಾಗಿ ಇದ್ದೆ,” ಎಂದಳು. ಮೆಟ್ಟಿಲ ಪಕ್ಕದಲ್ಲಿ ಇದ್ದಿಲಿನ ರಾಶಿ. ದಿನವೂ ಬಗೆಯುವ ಕಡೆ ಕುಸಿದಿದೆ. ಅದರ ಮುಂದೆ ಕೆಂಪು ಜುಟ್ಟಿನ ಹುಂಜ ಓಡಾಡುತ್ತಿತ್ತು. ಆಗಿನದರ ಮೊಮ್ಮಗನ ಮೊಮ್ಮಗ ಇದ್ದೀತು, ಜಂಬ ಮಾತ್ರ ಹಾಗೇ ಇದೆ, ದೇವೀರಮ್ಮನನ್ನೇ ಅಟ್ಟಿಸಿಕೊಂಡು ಹೋಯಿತು ಎಂದು ನಕ್ಕಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ಚೌಕದ ಸಣ್ಣ ನೀರಿನ ತೊಟ್ಟಿ.

“ದೋಣಿ?” ಎಂದೆ.

“ಕಾಣಲಿಲ್ಲ,” ಎಂದಳು. ಆಮೇಲೆ ಅವಳ ನಗು ನಿಂತಿತು. “ಎಲ್ಲಾ ಒಂದೇ ದಿನಕ್ಕೆ ಕಾಣುತ್ತಾ? ಅವರು ಎಷ್ಟು ದಿನ ಕೂತಿದ್ದರು ಅಲ್ಲಿ. ಆ ಚಳಿಯಲ್ಲಿ. ನೀರು ಬೇಕೇ ಅಂತ ಕೇಳಲಿಲ್ಲ ಅಂತ ಜನ್ಮವಿಡೀ ಅವರೆದುರಿಗೇ ಬೈದೆನಲ್ಲೇ. ಒಂದು ದಿನವಾದರೂ, ಅದು ನಾನು ಕಣೇ ಅನ್ನಬಾರದಿತ್ತಾ ಆ ಮನುಷ್ಯ?”

ಹಾಗೆಂದು ಕಂಬಳಿಯಲ್ಲಿ ಮುಖ ಹುದುಗಿಸಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಜಲಪಾತ ಇದೆ ಅಂತಲೇ ಹೇಳಬೇಕು, ನೀನು ಬಾಯಿ ಬಿಡಕೂಡದು ಎಂದಳು. ನಾನು ಆಗಲಿ ಎಂದೆ. ಅವಳಿಗೆ ತಕ್ಷಣ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಮೈ ಬೆವೆತು ಹಗುರವಾಗಿತ್ತು. ಜ್ವರ ಬಿಟ್ಟಿತ್ತು. ಎದ್ದು ಹೇಳೋಣವೆಂದು ಬಾಗಿಲ ಕಡೆ ತಿರುಗಿದೆ. ಅರೆ ತೆರೆದ ಬಾಗಿಲ ಸಂದಿನಲ್ಲಿ ಅಮ್ಮ ಆಗಲೇ ಕೊಪ್ಪೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕಾಫಿಯ ಲೋಟ ಹಬೆಯಾಡುತ್ತಿತ್ತು. ಹಿತ್ತಲಿನಲ್ಲಿ ಗಾಳಿ ಎದ್ದಿತ್ತು. ಅವಳು ತೊಟ್ಟಿ ಇರುವ ಕಡೆಗೆ ಸ್ವಲ್ಪ ಬಾಗಿ ಕಾಯುತ್ತಿದ್ದಳು. ನಾನು ಸದ್ದಿಲ್ಲದೆ ಹೊದಿಕೆಯನ್ನು ಮತ್ತೆ ಕತ್ತಿನ ತನಕ ಎಳೆದುಕೊಂಡು ಮಲಗಿದೆ.