ನನ್ನ ಹೊಟ್ಟೆಯಲ್ಲಿರುವ ನೀಲವ್ವ

ನಾನು ಒಂದು ಟೇಪ್ ರೆಕಾರ್ಡರ್. ಹುಟ್ಟಿದ ಕಾರ್ಖಾನೆಯಲ್ಲಿ ನನಗೆ ಕಿವಿ ಕೊಟ್ಟರು, ಬಾಯಿ ಕೊಟ್ಟರು. ಯಾರನ್ನು ನಂಬಬೇಕೆಂದು ಮಾತ್ರ ಹೇಳಿಕೊಡಲಿಲ್ಲ. ಹಾಗಾಗಿ ನಾನು ಯಾರನ್ನೂ ನಂಬುವುದಿಲ್ಲ.

ನನ್ನನ್ನು ಕೊಂಡವರು ಬಾದಾಮಿ ಕಡೆಯ ಚನ್ನಮಲ್ಲಪ್ಪ ಮಾಸ್ತರರು. ಊರೂರು ತಿರುಗಿ ಹಳೆಯ ಹಾಡು, ದೆವ್ವದ ಕಥೆ ಕೂಡಿಹಾಕುವ ಹುಚ್ಚು ಅವರಿಗೆ. ಕಥೆ ಹೇಳುವವರು ದೆವ್ವಕ್ಕಿಂತ ನನಗೇ ಹೆಚ್ಚು ಹೆದರುತ್ತಿದ್ದರು.

ಬೀಸುವ ಪದ ಹಾಡುವ ತಂಗೆವ್ವನಂತೂ ಬೀಸುಕಲ್ಲಿನ ಗೂಟ ಬಿಡದೆ ನನ್ನನ್ನೇ ದಿಟ್ಟಿಸಿದಳು. ನನಗೂ ಅವಳ ಮೇಲೆ ಗುಮಾನಿ. ಆ ಹಿಟ್ಟು ನನ್ನೊಳಗೆ ಹೋದರೆ ಗತಿಯೇನು?

"ನನ್ನ ಪದಾ ಒಯ್ದು ನಿಮ್ಮ ಹೆಸರು ಹಾಕ್ಕೊಂತೀರಿ, ಹೌದಿಲ್ರಿ ಮಾಸ್ತರ?"

"ಛೇ ಛೇ, ಹಂಗ್ಯಾಕ ಅಂತೀ ಯವ್ವಾ!"

"ಹಂಗಾದ್ರ ನನ್ನ ಮಗಳ ಹೆಸರು ಬಿಡಬಾರ್ದು ನೋಡ್ರಿ. ಆಕಿ ಸತ್ತು ಹನ್ನೆರಡು ವರ್ಷಾತು. ಆಕಿ ಹೆಸರು ಈ ಪದದಾಗ ಬಿಟ್ರ ಎಲ್ಲೂ ಇಲ್ಲ."

ಮಾಸ್ತರರು ಆಣೆ ಮಾಡಿದರು. ತಂಗೆವ್ವ ಬೀಸುತ್ತ ಹಾಡಿದಳು:

"ಕಲ್ಲ ಬೀಸಿದರ ಹಿಟ್ಟು ಬಂತ, ನೀಲವ್ವ,
ಕರದರ ನೀ ಯಾಕ ಬರಲಿಲ್ಲ?"

ಮನೆಯಲ್ಲಿ ನನ್ನನ್ನು ಹಚ್ಚಿ, ಹಾಡು ಕೇಳುತ್ತ ಬರೆದುಕೊಳ್ಳುವಾಗ ಮಾಸ್ತರರ ಪೆನ್ನು ಆ ಹೆಸರಿನ ಹತ್ತಿರ ನಿಂತಿತು. ಜನಪದ ಎಂದಮೇಲೆ ಎಲ್ಲರದು, ಒಬ್ಬಳ ಹೆಸರೇಕೆ ಎಂದು ಗೊಣಗಿ 'ನೀಲವ್ವ' ತೆಗೆದು 'ಮಗಳೆ' ಎಂದು ಬರೆದರು. ಪುಸ್ತಕದ ಮೇಲೆ ತಮ್ಮ ಹೆಸರನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಸೊಸೆಯಿಂದ ಪುಸ್ತಕ ಓದಿಸಿ ಕೇಳಿದ ತಂಗೆವ್ವ ಮರುದಿನವೇ ಬಸ್ಸು ಹಿಡಿದು ಬಂದಳು. ಬೈಯಲಿಲ್ಲ.

"ಪೆಟ್ಟಿಗಿ ಹಚ್ರಿ," ಎಂದಳು.

ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಹಾಡಿದೆ. 'ನೀಲವ್ವ' ಎಂಬಲ್ಲಿ ಮಾಸ್ತರರ ತಲೆ ತಗ್ಗಿತು.

"ತಪ್ಪಾತು ಯವ್ವಾ."

"ಹಂಗಾದ್ರ ಬರೀರಿ."

ಮನೆಯಲ್ಲಿದ್ದ ಪ್ರತಿಗಳಲ್ಲೆಲ್ಲ 'ಮಗಳೆ' ಹೊಡೆದುಹಾಕಿ ಮೇಲೆ ಹೆಸರು ಬರೆಯತೊಡಗಿದರು. ಆದರೂ ತಂಗೆವ್ವ ನಂಬಲಿಲ್ಲ. ಮೊದಲ ಪ್ರತಿಯನ್ನು ಪಕ್ಕದ ಮನೆಯವಳಿಂದ ಓದಿಸಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿಯೊಂದು ಪುಸ್ತಕದ ಅಕ್ಷರವನ್ನೂ ಅದಕ್ಕೆ ಹೋಲಿಸಿ ನೋಡಿದಳು. ಒಂದರಲ್ಲಿ ಮಾಸ್ತರರು ಅವಸರದಲ್ಲಿ ಗೀಚಿದ್ದರು.

"ಇದು ಆಕಿ ಅಲ್ಲ," ಎಂದು ತಿರುಗಿ ಕೊಟ್ಟಳು.

ಈಗ ಅವರಿಬ್ಬರೂ ಇಲ್ಲ. ನನ್ನ ಬೆಲ್ಟು ಸಡಿಲಾಗಿ, ಬೀರುವಿನ ಮೂಲೆಯಲ್ಲಿ ಬಿದ್ದಿದ್ದೇನೆ. ಕ್ಯಾಸೆಟ್ಟು ಇನ್ನೂ ಹೊಟ್ಟೆಯಲ್ಲೇ ಇದೆ. ಬೀರು ತೆರೆದವರೆಲ್ಲ ನನ್ನನ್ನು ಗುಜರಿಗೆ ಹಾಕಲು ಬಂದವರೇ ಎಂದು ನನಗೆ ಅನುಮಾನ. ಒಯ್ಯುವುದಾದರೆ ಒಯ್ಯಲಿ. ಆದರೆ ಪಕ್ಕದಲ್ಲಿರುವ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಅಲ್ಲಿ ನೀಲಿ ಶಾಯಿಯಲ್ಲಿ ಒಂದು ಹೆಸರಿದೆ. ತಂಗೆವ್ವ ತನ್ನ ಬದುಕಿನಲ್ಲಿ ಓದಲು ಕಲಿತದ್ದು ಅದೊಂದನ್ನೇ.