ಬೆವರು ಕುಡಿದ ತೊಗಲು

ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ತೊಗಲು ಕೊಳ್ಳಲು ಕಡಲಾಚೆಯಿಂದ ಬಂದ ಬಿಳಿ ದೊರೆ ಇನ್ನೊಂದು ಕೈಯನ್ನು ಮುದುಕಿಯ ಹೊದಿಕೆಯೊಳಕ್ಕೆ ತೂರಿಸಿದ. ಮುದುಕಿ ಕೆಮ್ಮುತ್ತಿದ್ದಳು. ಕೆಮ್ಮು ನಿಲ್ಲಲೆಂದು ಅವನೇನೂ ಕಾಯಲಿಲ್ಲ. ಒಳಗಿನ ತುಪ್ಪಳವನ್ನು ಹಿಸುಕಿ ನೋಡಿ, ಆ ಬೆರಳುಗಳನ್ನು ಹಿಮಕ್ಕೆ ಒರೆಸಿ, ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ.

ಅದನ್ನು ಇವರ ಮಾತಿಗೆ ತಿರುಗಿಸಬೇಕಾದವನು ಅನ್ಸೆಲ್. ಅವನಪ್ಪ ದೊರೆಗಳ ದೋಣಿಯಾಳು, ತಾಯಿ ಮೂಡಣ ಬಯಲಿನ ಕ್ರೀ ಕುಲದ ಹೆಂಗಸು.

"ಕರಡಿ ತಿಕದಂಗೆ ನಾರ್ತೀಯಂತೆ ಕಣಜ್ಜಿ," ಅಂದ. "ಆದ್ರೂ ಬಿಚ್ಚಿ ಕೊಡ್ಬೇಕಂತೆ."

ಮುದುಕಿಯ ಮಗಳು ಕುಪಿ ಗುಡಿಸಲ ಬಾಗಿಲಲ್ಲೇ ನಿಂತಿದ್ದಳು. ಹೊಳೆಗೆ ಒಡ್ಡು ಕಟ್ಟಿ ಬದುಕುವ ಬೀವರ್ ಪ್ರಾಣಿಯ ತೊಗಲುಗಳನ್ನು ನರದಿಂದ ಹೊಲಿದು ಆ ಹೊದಿಕೆ ಮಾಡಿದ್ದವಳು ಅವಳೇ. ತುಪ್ಪಳ ಒಳಮೈಗೆ ಬರುವಂತೆ ಹೊದ್ದು ಮುದುಕಿ ಅದರಲ್ಲೇ ಚಳಿಗಾಲಗಳನ್ನು ಕಳೆದಿದ್ದಳು. ಒರಟು ಕೂದಲೆಲ್ಲ ಮೈಗೆ ಉಜ್ಜಿ ಉಜ್ಜಿ ಉದುರಿಹೋಗಿ, ಬೆವರೂ ಮೈಯೆಣ್ಣೆಯೂ ಇಳಿದು, ತೊಗಲು ಕೂಸಿನ ಕೆನ್ನೆಯ ಹಾಗಾಗಿತ್ತು. ದೊರೆಗೆ ಬೇಕಾದದ್ದು ಅದೇ. ಹೊಸ ತೊಗಲು ಅವನ ವ್ಯಾಪಾರದ ಮನೆಯಲ್ಲಿ ರಾಶಿ ಬಿದ್ದಿತ್ತು.

ಇದರಲ್ಲಿ ಏನು ಮಾಡುತ್ತಾರೆಂದು ಮುದುಕಿ ಕೇಳಿದಳು. ಕಡಲಾಚೆ ದೊಡ್ಡ ಮನುಷ್ಯರಿಗೆ ಟೋಪಿ ಮಾಡುತ್ತಾರೆ ಎಂದ ಅನ್ಸೆಲ್.

"ಹಂಗಾದ್ರೆ ನನ್ನ ಕಂಕುಳ ಬೆವರ ನಿಮ್ಮ ದೊಡ್ಡೋರು ತಲೆ ಮ್ಯಾಲೆ ಹೊತ್ಕಂಡು ತಿರುಗ್ತಾರೆ ಅನ್ನು."

ಇದನ್ನು ಅನ್ಸೆಲ್ ದೊರೆಗೆ ತಿರುಗಿಸಿ ಹೇಳಲಿಲ್ಲ. ಹೊದಿಕೆಗೆ ಬದಲಾಗಿ ಒಂದು ಚೀಲ ಮಾಂಸ ಕೊಡುವುದಾಗಿ ಮಾತ್ರ ಹೇಳಿದ. ಕಾಡುಕೋಣದ ಒಣಮಾಂಸವನ್ನು ಕುಟ್ಟಿ ಕೊಬ್ಬು ಬೆರೆಸಿದ್ದು. ಕುಪಿಯ ಬಾಯಲ್ಲಿ ನೀರೂರಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ನಾನು ಸತ್ರೆ ಇದ್ರಲ್ಲೇ ಸುತ್ತಿ ಕಲ್ಲಡೀಲಿ ಇಡ್ತಾರೆ," ಅಂದಳು ಮುದುಕಿ. "ಕೊಡಾಕಿಲ್ಲ."

ಚೀಲ ನಾಳೆಯವರೆಗೆ ವ್ಯಾಪಾರದ ಮನೆಯಲ್ಲಿರುತ್ತದೆ ಎಂದು ಹೇಳಿಸಿ ದೊರೆ ಹೊರಟ. ಕಿವಿಯವರೆಗೆ ಎಳೆದುಕೊಂಡ ಅವನ ಟೋಪಿಯನ್ನೇ ನೋಡುತ್ತಾ ಮುದುಕಿ ಮತ್ತೆ ಕೆಮ್ಮಿದಳು.

ಕಣಿವೆಯಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಬೇಸಿಗೆಯಲ್ಲಿ ದೊರೆಯ ಆಳುಗಳು ಕಬ್ಬಿಣದ ಬೋನು ತಂದು, ಬೀವರುಗಳನ್ನು ತಾಯಿ ಮರಿ ಎನ್ನದೆ ಬಳಿದುಕೊಂಡು ಹೋಗಿದ್ದರು. ಕಟ್ಟುವವರಿಲ್ಲದೆ ಅವುಗಳ ಒಡ್ಡುಗಳು ಒಡೆದವು, ಒಡ್ಡಿನ ಹಿಂದಿನ ಕೆರೆಗಳು ಬತ್ತಿದವು. ಕೆರೆಗಿಳಿಯುತ್ತಿದ್ದ ಬಾತುಗಳು ಬರಲಿಲ್ಲ, ದಡದಲ್ಲಿ ಮೇಯುತ್ತಿದ್ದ ಕಡವೆಗಳು ಮೇಲಿನ ಬೆಟ್ಟ ಹತ್ತಿದವು. ಕಾಡುಕೋಣ ಹುಡುಕಿಕೊಂಡು ಬೆಟ್ಟದಾಚೆಯ ಬಯಲಿಗೆ ಇಳಿದ ಕುಪಿಯ ಗಂಡನನ್ನು ಆ ಬಯಲಿನ ಹಗೆ ಕುಲದವರಾದ ಪೀಗನ್ನರು ಅಲ್ಲೇ ಮುಗಿಸಿದ್ದರು.

ಕುಪಿ ಮರದಿಂದ ಗಡ್ಡದಂತೆ ಜೋತುಬಿದ್ದ ಕರಿಪಾಚಿಯನ್ನು ಕಿತ್ತು ತಂದು ಬೇಯಿಸಿದಳು. ಅವಳ ಮಗಳು ಪಲ್ಕಿ ಅದನ್ನು ನುಂಗಿದಷ್ಟೇ ಬೇಗ ಕಕ್ಕಿದಳು. ಆಮೇಲೆ ಚರ್ಮದ ಪಟ್ಟಿಯೊಂದನ್ನು ಬಾಯಿಗಿಟ್ಟುಕೊಂಡು ಅಗಿಯುತ್ತಾ ಕೂತಳು. ಅಳಲಿಲ್ಲ. ಅಳುವುದನ್ನು ಅವಳು ಬಿಟ್ಟು ಸುಮಾರು ದಿನವಾಗಿತ್ತು.

ಮುದುಕಿ ಮೊಮ್ಮಗಳನ್ನೇ ನೋಡುತ್ತಿದ್ದಳು. ಹೊತ್ತು ಇಳಿಯುವಾಗ ಹೊದಿಕೆಯ ಕಟ್ಟಿಗೆ ಕೈ ಹಾಕಿದಳು. ಬೆರಳು ಆಡಲಿಲ್ಲ.

"ಬಿಚ್ಚೇ," ಅಂದಳು.

ಕುಪಿ ಕೇಳಿಸದವಳಂತೆ ಬೆಂಕಿ ಕೆದಕಿದಳು.

"ಬಿಚ್ಚೇ, ರಂಡೇದೆ. ಉಸ್ರು ನಿಂತಾಗ ಮೈಮ್ಯಾಲೆ ಇರೋದು ಸತ್ತೋರ್ದು. ಆಮ್ಯಾಕೆ ಅದ್ನ ನೀನೂ ಮುಟ್ಟಂಗಿಲ್ಲ, ಮಾರಂಗೂ ಇಲ್ಲ. ಉಸ್ರಿರೋವಾಗ ಬಿಚ್ಚುದ್ರೆ ನಿಂದು."

"ಚಳಿಗೆ ಸತ್ತೋಯ್ತೀಯ ಅವ್ವಾ."

"ಹೊದ್ಕಂಡಿದ್ರೆ ಬದುಕ್ಬುಡ್ತೀನಾ?"

ಕುಪಿ ಬಿಚ್ಚಿದಳು. ತೊಗಲು ಮೈಗೆ ಅಂಟಿಕೊಂಡಿತ್ತು, ಮರದಿಂದ ತೊಗಟೆ ಸುಲಿದಂತೆ ಸುಲಿಯಬೇಕಾಯಿತು. ಒಳಗಿದ್ದ ಅವ್ವ ಇಷ್ಟೇ ಇಷ್ಟು. ಜೊಂಡಿನ ಚಾಪೆಗಳಿದ್ದಷ್ಟನ್ನೂ ಅವಳಿಗೆ ಸುತ್ತಿ, ಪಲ್ಕಿಯನ್ನು ಅವಳ ಬೆನ್ನಿಗೆ ಒತ್ತಿ ಮಲಗಿಸಿದಳು. ಹೊದ್ದವರ ಉಸಿರು ನಿಂತರೆ ಮಾರುವಂತಿಲ್ಲವೆಂದು ಹೊದಿಕೆಯನ್ನು ಮಾತ್ರ ಯಾರೂ ಹೊದೆಯಲಿಲ್ಲ. ಅದು ಬೆಂಕಿಯ ಆಚೆ, ಇನ್ನೊಬ್ಬ ಮುದುಕಿ ಕೂತ ಹಾಗೆ ಕೂತಿತ್ತು.

ಬೆಳಕು ಹರಿಯುವಾಗ ಪಲ್ಕಿ ಅಜ್ಜಿಯ ಬೆನ್ನು ಬಿಟ್ಟು ಎದ್ದು ಬಂದಳು.

"ಅಜ್ಜಿ ತಣ್ಣಗವ್ಳೆ," ಅಂದಳು.

ಕುಪಿ ಚಾಪೆ ಸರಿಸಿ ಒಮ್ಮೆ ನೋಡಿದಳು. ಮತ್ತೆ ಮುಚ್ಚಿದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಹಿಮಕ್ಕಿಳಿದಳು.

ವ್ಯಾಪಾರದ ಮನೆಯಲ್ಲಿ ದೊರೆ ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಹೊದಿಕೆಯನ್ನು ಕೆನ್ನೆಗೆ ಉಜ್ಜಿಕೊಂಡ, ಮೂಸಿದ, ನಕ್ಕ. ಬಾಗಿಲ ಹತ್ತಿರ ಚೀಲವಿತ್ತು. ಅದನ್ನು ಬಿಚ್ಚಿ ಅರ್ಧವನ್ನು ಬೇರೆ ಚೀಲಕ್ಕೆ ಸುರಿದು ಕುಪಿಯ ಕಾಲ ಬಳಿ ಇಡಿಸಿದ. ಬಾಗಿಲ ಬಳಿಯೇ ಉಳಿದ ಅರ್ಧವನ್ನು ಅವಳು ನೋಡಿದಳು.

ದೊರೆ ಒಳಗಿನಿಂದ ಹೊಸ ತೊಗಲುಗಳ ಹೊದಿಕೆಯೊಂದನ್ನು ತಂದು ತಾನೇ ಅವಳ ಹೆಗಲಿಗೂ ಮಗುವಿಗೂ ಸೇರಿಸಿ ಹೊದಿಸಿದ. ಏನನ್ನೂ ಹೊದೆಯದೆ ಹಿಮ ತುಳಿದು ಬಂದವಳು. ಬೆಚ್ಚನೆಯದು ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿಯಿತು. ಪಲ್ಕಿಯ ನಡುಕ ನಿಂತದ್ದು ಅವಳ ಬೆನ್ನಿಗೆ ಗೊತ್ತಾಯಿತು.

"ಇದು ಬಿಟ್ಟಿ," ಅಂದ ಅನ್ಸೆಲ್, ನೆಲ ನೋಡುತ್ತಾ. "ಹಗಲೂ ರಾತ್ರಿ ಹೊದ್ಕಂಡಿರ್ಬೇಕು. ಮೀಯಂಗಿಲ್ಲ. ಚೆನ್ನಾಗಿ ಬೆವರು ಕುಡುದ್ಮೇಲೆ ವಾಪಸ್ ತಂದ್ಕೊಟ್ಟು ಇನ್ನೊಂದು ತಗೊಂಡೋಗ್ಬೇಕು. ಹಿಂಗೆ ಒಪ್ಕಂಡ್ರೆ ಉಳಿದರ್ಧ ಚೀಲ ಈಗ್ಲೇ ಕೊಡ್ತಾನಂತೆ."

ದೊರೆ ಇನ್ನೇನೋ ನೆನಪಾದವನಂತೆ ಬೆರಳೆತ್ತಿ ಹೇಳಿದ. ಅನ್ಸೆಲ್ ತಡೆದು ತಡೆದು ಹೇಳಿದ.

"ಮುದುಕಿಗೂ ಒಂದು ಕಳಿಸ್ತಾನಂತೆ. ಮುದುಕೀರ ಮೈಯೆಣ್ಣೆ ವೈನಾಗಿರ್ತದಂತೆ."

ಕುಪಿ ಎರಡು ಕೈಯಲ್ಲೂ ಹೊದಿಕೆಯ ಅಂಚು ಹಿಡಿದಳು. ಮಗು ಬೆನ್ನಿನಲ್ಲಿ ಅದನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಿತ್ತು. ಅವಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊದಿಕೆ ನೆಲಕ್ಕೆ ಬಿತ್ತು. ಬಗ್ಗಿ ಅರ್ಧ ಚೀಲವನ್ನು ಎತ್ತಿಕೊಂಡಳು.

"ಕೂಸು ಸಾಯ್ತದೆ ಕಣಕ್ಕ," ಅಂದ ಅನ್ಸೆಲ್ ತಗ್ಗಿದ ದನಿಯಲ್ಲಿ. ಇದು ದೊರೆ ಹೇಳಿದ ಮಾತಲ್ಲ. "ನಾನೀಗ ಏನಂತ ಹೇಳ್ಲಿ ಅವ್ನಿಗೆ?"

"ಹೊದ್ಕಳಾಕಿಲ್ಲ ಅನ್ನು."