ಇಸ್ತ್ರಿ ಮಾಡಿದ ಲ್ಯಾಪ್‌ಟಾಪ್

ತಂಗಿ ಒಳಗೆ ಬಂದಾಗ ಅಣ್ಣ ಅವಳ ಲ್ಯಾಪ್‌ಟಾಪಿಗೆ ಇಸ್ತ್ರಿ ಹಾಕುತ್ತಿದ್ದ.

ಬೇರೆ ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಆದರೆ ಕಣ್ಣೆದುರಿಗೇ ಇತ್ತು. ಲ್ಯಾಪ್‌ಟಾಪು ಕಟಿಂಗ್ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ಅದರ ಬೆನ್ನ ಮೇಲೆ ಒಂದು ಬಿಳಿ ಹತ್ತಿ ಬಟ್ಟೆ, ಬಟ್ಟೆಯ ಮೇಲೆ ಅಪ್ಪನ ಕಾಲದ ಭಾರದ ಇಸ್ತ್ರಿಪೆಟ್ಟಿಗೆ. ಅಣ್ಣ ರೇಷ್ಮೆಗೆ ಹಾಕುವಷ್ಟೇ ನಾಜೂಕಾಗಿ, ನಾಲಿಗೆಯ ತುದಿ ಕಚ್ಚಿಕೊಂಡು ಅದನ್ನು ಹಿಂದೆ ಮುಂದೆ ಓಡಿಸುತ್ತಿದ್ದ. ಹೊಲಿಗೆ ಅಂಗಡಿಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅದರ ಹಿಂದೆಯೇ ಸಕ್ಕರೆ ಸೀದ ವಾಸನೆ.

"ಅಣ್ಣಾ, ಏನ್ ಮಾಡ್ತಿದ್ದೀಯ?"

"ಟೀ ಚೆಲ್ತು," ಅಂದ ಅಣ್ಣ, ತಲೆ ಎತ್ತದೆ. "ಒಣಗಿಸ್ತಾ ಇದ್ದೀನಿ. ಮುಂದ್ಗಡೆ ಆಯ್ತು, ಈಗ ಹಿಂದ್ಗಡೆ."

ಅವಳು ಓಡಿಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತಳು. ಬಟ್ಟೆ ಎತ್ತಿ ನೋಡಿದರೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರ ಅಚ್ಚುಕಟ್ಟಾಗಿ ಮೂಡಿತ್ತು. ಕರಗಿದ ಪ್ಲಾಸ್ಟಿಕ್ಕು ಸ್ಕ್ರೂಗಳನ್ನು ನುಂಗಿ ಆಗಲೇ ಗಟ್ಟಿಯಾಗುತ್ತಿತ್ತು. ತಿರುಗಿಸಿ ಮುಚ್ಚಳ ಎತ್ತಿದಳು. ಅಕ್ಷರಗಳ ಗುಂಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಯಾವುದು ಯಾವುದೆಂದು ಗೊತ್ತಾಗದಂತೆ ಚಪ್ಪಟೆಯಾಗಿದ್ದವು.

ಕಟಿಂಗ್ ಮೇಜಿನ ಮೇಲೆ ಲೋಟ ಇಡಬಾರದು ಅನ್ನುವುದು ಅಪ್ಪನ ಕಟ್ಟಪ್ಪಣೆ. ಅದನ್ನು ಅಣ್ಣನಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ. ಲೋಟ ಹಿಡಿದು ಮೇಜಿನ ಹತ್ತಿರ ಸುಳಿದ ಗಿರಾಕಿಗಳನ್ನೂ ಅವನು ಮುಲಾಜಿಲ್ಲದೆ ಬಾಗಿಲಾಚೆ ನಿಲ್ಲಿಸುತ್ತಿದ್ದ. ಆದರೆ ಈವತ್ತು ಮೇಜಿನ ಮೇಲೆ ಬಟ್ಟೆ ಇರಲಿಲ್ಲ, ಲ್ಯಾಪ್‌ಟಾಪು ಇತ್ತು. ಲ್ಯಾಪ್‌ಟಾಪು ಬಟ್ಟೆಯಲ್ಲವಲ್ಲ, ಲೋಟ ಇಟ್ಟ. ಅಳತೆ ಟೇಪಿಗೆ ಕೈಚಾಚಿದಾಗ ಲೋಟ ಉರುಳಿತು. ಲೋಟ ಇಡುವಾಗ ಬಟ್ಟೆಯಾಗಿರದ ಲ್ಯಾಪ್‌ಟಾಪು ಒದ್ದೆಯಾದ ಕೂಡಲೇ ಬಟ್ಟೆಯಾಗಿಹೋಯಿತು. ಹೆದರಿದ ಕೈ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿತು.

"ಬೇಕಂತಲೇ ಮಾಡಿದ್ಯಾ?" ಅಂತ ಕೇಳಿಯೇಬಿಟ್ಟಳು.

ಅಣ್ಣನ ಮುಖ ಹುಳ್ಳಗಾಯಿತು. "ಬೇಕಂತ ಮಾಡೋನಾಗಿದ್ರೆ ಇಸ್ತ್ರಿ ಯಾಕೆ ಹಾಕ್ತಿದ್ದೆ? ಟೀ ಚೆಲ್ಲಿ ಸುಮ್ನಿರ್ತಿದ್ದೆ."

ಅದು ನಿಜವೇ. ಆದರೂ ಹಾಗೆ ಕೇಳುವುದಕ್ಕೆ ಅವಳಿಗೆ ಕಾರಣವಿತ್ತು.

ಈ ಅಂಗಡಿಯಲ್ಲಿ ಅಣ್ಣನ ಎದುರಿನ ಮಿಷನ್ನಿನಲ್ಲಿ ಕೂತು ಕೂತು ಅವಳ ತಲೆಗೂದಲು ನರೆಯತೊಡಗಿತ್ತು. ಆದರೂ ಬೀದಿಯವರಿಗೆ ಅಣ್ಣ ಟೈಲರು, ಅವಳು ಟೈಲರ ತಂಗಿ. ಗೋಡೆಯ ಮೊಳೆಗಳಿಗೆ ಬಟ್ಟೆ ಕತ್ತರಿಸುವ ಮಾದರಿಗೆಂದು ಅಪ್ಪ ಮಾಡಿಟ್ಟ ಪೇಪರ್ ಕಟಿಂಗುಗಳು ತೂಗುತ್ತಿದ್ದವು. ಸಣ್ಣದು, ಮಧ್ಯಮ, ದೊಡ್ಡದು. ಲೋಕದ ಮೈಗಳೆಲ್ಲ ಆ ಮೂರರಲ್ಲಿ ಎಲ್ಲಾದರೂ ಹೊಂದಿಕೊಳ್ಳಲೇಬೇಕು, ಹೊಂದದಿದ್ದರೆ ತಪ್ಪು ಮೈಯದು ಅನ್ನುವುದು ಅಣ್ಣನ ನಂಬಿಕೆ. ಒಂದು ದಿನ ಬೆನ್ನು ಬಾಗಿದ ಒಬ್ಬ ಮೇಷ್ಟರು ಬಂದು, ಜೀವಮಾನವೆಲ್ಲ ಹಿಂದೆ ಎತ್ತಿಕೊಂಡು ಮುಂದೆ ಜೋತುಬಿದ್ದ ಶರ್ಟೇ ಹಾಕಿದ್ದೇನೆ, ಒಮ್ಮೆ ನೆಟ್ಟಗಿರುವುದನ್ನು ಹಾಕಿ ಸಾಯಬೇಕು ಅಂದರು. ಅಣ್ಣ ಆಗುವುದಿಲ್ಲ ಅಂದ. ತಂಗಿ ಟೇಪು ಹಿಡಿದು ಎದ್ದುಬಂದಳು.

ಅಲ್ಲಿಂದ ಶುರುವಾಯಿತು. ಮೇಷ್ಟರು ಇನ್ನೊಬ್ಬರನ್ನು ಕಳಿಸಿದರು, ಅವರು ಮತ್ತೊಬ್ಬರನ್ನು. ಒಂದು ತೋಳು ಗಿಡ್ಡವಿದ್ದ ಅಜ್ಜಿ ಬಂದಳು. ಗಾಲಿಕುರ್ಚಿಯಲ್ಲೇ ಕೂತಿರುವ ಅಂಚೆ ಕಚೇರಿಯವನು ಬಂದ. ಆಪರೇಷನ್ನಿನಲ್ಲಿ ಒಂದು ಮೊಲೆ ತೆಗೆಸಿಕೊಂಡ ಹೆಂಗಸೊಬ್ಬಳು ಬಾಗಿಲು ಹಾಕಿಸಿ, ಗೋಡೆ ಕಡೆ ಮುಖ ಮಾಡಿ ನಿಂತು ಅಳತೆ ಕೊಟ್ಟಳು. ಕಾಗದದ ಮೇಲೆ ಒಂದು ಬೆರಳಗಲ ತಿದ್ದಬೇಕಾದರೂ ಮತ್ತೆ ಮೊದಲಿಂದ ಬರೆಯಬೇಕೆಂದು ಅವಳು ಹಳೆಯ ಲ್ಯಾಪ್‌ಟಾಪೊಂದನ್ನು ತಂದು ಅದರಲ್ಲೇ ಕಟಿಂಗು ಬರೆಯಲು ಕಲಿತಳು. ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು. ಒಳಗೆ ಅವರ ಅಳತೆ, ಅವರ ಫೋಟೋ, ತಿದ್ದಿ ತಿದ್ದಿ ಕೊನೆಗೆ ಮೈಗೆ ಕೂತ ಕಟಿಂಗು. ಇದು ಈ ಪೆಟ್ಟಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ ಅಂತ ಅವರಿಗೆಲ್ಲ ಮಾತು ಕೊಟ್ಟಿದ್ದಳು. ಅದಕ್ಕೇ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅದನ್ನೆಲ್ಲ ನೋಡುವವರಿದ್ದರು. ಗುಣವಾಗಿ ಮನೆಗೆ ಹೊರಟವರಿಗೆ ಬದಲಾದ ಮೈಗೆ ಕೂರುವ ಬಟ್ಟೆಯೇ ಸಿಗುವುದಿಲ್ಲ, ನೀವು ಹೊಲಿಯಬಲ್ಲಿರಾ ಅಂತ ಕೇಳಿ ಕಳಿಸಿದ್ದರು. ತೋರಿಸಲು ಗಿರಾಕಿಗಳೂ ಒಪ್ಪಿದ್ದರು. ನಮ್ಮಂಥ ಇನ್ನೊಬ್ಬರಿಗೆ ಒಂದು ಅಂಗಿ ಸಿಗುವುದಾದರೆ ತೋರಿಸಮ್ಮ ಅಂತ ತಮ್ಮ ಅಂಗಿಗಳನ್ನೂ ಕೊಟ್ಟುಹೋಗಿದ್ದರು. ಬರೀ ಅಂಗಿ ಒಯ್ದರೆ ಪ್ರಯೋಜನವಿಲ್ಲ. ಹ್ಯಾಂಗರಿಗೆ ಹಾಕಿದರೆ ಅವು ಕೆಟ್ಟ ಹೊಲಿಗೆಯ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿ ಕಟಿಂಗು ಇಟ್ಟರೆ ಮಾತ್ರ ಅವು ಯಾವ ಮೈಗೆ ಅಂತ ತಿಳಿಯುವುದು.

ಆಸ್ಪತ್ರೆಯ ಸುದ್ದಿ ಬಂದ ದಿನವೇ ಅಣ್ಣ, ನಾನೇ ಹೋಗಿ ಅಂಗಡಿಯ ಹೆಸರಲ್ಲಿ ಮಾತಾಡುತ್ತೇನೆ, ನಿನಗೆ ಮಾತು ಬರುವುದಿಲ್ಲ ಅಂದಿದ್ದ. ಕೇಳದೆಯೇ ಅವಳು ಹೊಲಿದ ಅಂಗಿಗಳ ಕಾಲರಿನ ಒಳಗೆಲ್ಲ ಅಂಗಡಿಯ ಲೇಬಲ್ಲು ಹೊಲಿದಿದ್ದ. ಆಗ ಅವಳು ನುಂಗಿಕೊಂಡು ಸುಮ್ಮನಿದ್ದಳು. ಈಗ ಆ ನುಂಗಿದ್ದೂ ಮೇಲೆ ಬಂತು.

ಲ್ಯಾಪ್‌ಟಾಪನ್ನು ಹೊಲಿಗೆ ಸಾಮಾನಿನ ಚೀಲಕ್ಕೆ ಹಾಕಿ ಹೊರಟಳು. ಕರೆಯದಿದ್ದರೂ ಅಣ್ಣ ಅಂಗಡಿಗೆ ಬೀಗ ಹಾಕಿ ಹಿಂದೆ ಬಂದ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ನಗುನಗುತ್ತಾ ಮಾತಾಡುವ ಜನ. ಕೌಂಟರಿನವನು ಇಸ್ತ್ರಿಯ ಗುರುತು ನೋಡಿ ಮೊದಲು ನಗು ತಡೆದುಕೊಂಡ, ಆಮೇಲೆ ತಡೆದುಕೊಳ್ಳಲಿಲ್ಲ. ನೀರು ಬಿದ್ದದ್ದು ಕೇಳಿದ್ದೇನೆ, ಬೆಂಕಿ ಬಿದ್ದದ್ದು ಕೇಳಿದ್ದೇನೆ, ಎರಡನ್ನೂ ಒಟ್ಟಿಗೆ ಮಾಡಿದವರನ್ನು ಈಗಲೇ ನೋಡುತ್ತಿರುವುದು ಅಂದ. ಒಳಗಿರುವುದರ ಆಸೆ ಬಿಟ್ಟುಬಿಡಿ, ಇದನ್ನು ಇಲ್ಲೇ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತೇವೆ ಅಂತಲೂ ಹೇಳಿದ. ಕೊಟ್ಟದ್ದನ್ನು ಏನು ಮಾಡುತ್ತೀರಿ ಅಂತ ಅವಳು ಕೇಳಿದಳು. ಎಲ್ಲಿಗೋ ಹೋಗುತ್ತದೆ, ನಮಗೂ ಗೊತ್ತಿಲ್ಲ ಅಂದ.

"ಇದರೊಳಗೆ ಜನ ಇದ್ದಾರೆ," ಅಂದಳು ಅವಳು. "ಎಲ್ಲಿಗೋ ಕಳಿಸೋಕಾಗಲ್ಲ."

ಕೌಂಟರಿನ ಮೇಲಿಂದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೊರಗೆ ಬಂದ ಮೇಲೆ ಅಣ್ಣ, ಹೋಗಲಿ ಬಿಡು, ನಾಳೆಯ ಮಟ್ಟಿಗೆ ಅಪ್ಪನ ಕಟಿಂಗುಗಳನ್ನೇ ಒಯ್ದು ತೋರಿಸೋಣ, ಅವರಿಗೇನು ಗೊತ್ತಾಗುತ್ತದೆ ಅಂದ. ಅವಳು ಎದುರಿನ ರಸ್ತೆ ದಾಟಿದಳು.

ಹಳೇ ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ಒಂದು ರಿಪೇರಿ ಅಂಗಡಿ. ಅದರ ಯಜಮಾನನನ್ನು ಎಲ್ಲರೂ ಚಿಮಟ ಅಂತಲೇ ಕರೆಯುವುದು. ಒಂದು ಚಿಮಟ ಸದಾ ಅವನ ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿತ್ತು, ಮಾತೂ ಚಿವುಟುವ ಹಾಗೇ ಇರುತ್ತಿತ್ತು. ಅವನು ನಗಲಿಲ್ಲ. ಟೀಯಲ್ಲಿ ಸಕ್ಕರೆ ಇತ್ತೇ ಅಂತ ಕೇಳಿದ. ಚೆಲ್ಲಿದ ಮೇಲೆ ಯಾರಾದರೂ ಆನ್ ಮಾಡಿ ನೋಡಿದರೇ ಅಂತ ಕೇಳಿದ. ಅಣ್ಣ, ಬದುಕಿದೆಯೋ ಇಲ್ಲವೋ ನೋಡಲು ಸ್ವಲ್ಪ ಒತ್ತಿದೆ ಅಂದ. ಒದ್ದೆ ಇದ್ದಾಗಲೇ ತೆಗೆದು, ತಲೆಕೆಳಗು ಮಾಡಿ, ಬ್ಯಾಟರಿ ಬಿಡಿಸಿಕೊಂಡು ನನ್ನ ಹತ್ತಿರ ಬಂದಿದ್ದರೆ ಅರ್ಧ ದಿನದ ಕೆಲಸ, ನೀವು ಅಡುಗೆ ಮಾಡಿಕೊಂಡು ಬಂದಿದ್ದೀರಿ ಅಂದ ಚಿಮಟ.

"ಲ್ಯಾಪ್‌ಟಾಪ್ ಹೋಗ್ಲಿ," ಅಂದಳು ತಂಗಿ. "ಒಳಗಿರೋದು ಬೇಕು."

ಡಿಸ್ಕಿಗೆ ಏನೂ ಆಗಿರಲಿಕ್ಕಿಲ್ಲ, ಅದೊಂದು ತಗಡಿನ ಕವಚದೊಳಗೆ ಮೂಲೆಯಲ್ಲಿರುತ್ತದೆ ಅಂತ ಚಿಮಟ ವಿವರಿಸಿದ. ತೊಂದರೆ ಇರುವುದು ತೆಗೆಯುವುದರಲ್ಲಿ. ಸ್ಕ್ರೂಗಳು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಹುಗಿದುಹೋಗಿವೆ. ಕೊಯ್ದೇ ತೆಗೆಯಬೇಕು. ಪಕ್ಕದಲ್ಲೇ ಬ್ಯಾಟರಿ ಇದೆ, ಬ್ಲೇಡು ಒಂದು ಕೂದಲೆಳೆ ಆಚೆ ಹೋದರೂ ಬೆಂಕಿ ಹತ್ತಿಕೊಳ್ಳುತ್ತದೆ. ಒಂದು ಕೂದಲೆಳೆ ಈಚೆ ಬಂದರೆ ಡಿಸ್ಕೇ ಹೋಗುತ್ತದೆ. ಇದಕ್ಕೆ ನಾನು ಕೈಹಾಕುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಲ್ಯಾಪ್‌ಟಾಪನ್ನು ಅವಳ ಕಡೆಗೆ ದೂಡಿದ.

ಅವಳು ಅದನ್ನು ಮತ್ತೆ ಅವನ ಕಡೆಗೆ ದೂಡಿದಳು. ಚೀಲದಿಂದ ಅಂಗಡಿಯ ಚಾಕ್‌ಪೀಸು ತೆಗೆದು ಅವನ ಕೈಗಿಟ್ಟಳು. "ಬ್ಯಾಟರಿ ಎಲ್ಲಿಂದ ಎಲ್ಲೀವರೆಗೆ, ಡಿಸ್ಕ್ ಎಲ್ಲಿಂದ ಎಲ್ಲೀವರೆಗೆ, ಗೀಟು ಹಾಕಿ. ಕೊಯ್ಯೋದು ನಾನು."

ಚಿಮಟ ಅವಳನ್ನೂ ಚಾಕ್‌ಪೀಸನ್ನೂ ನೋಡಿದ. ಬೆಂಕಿ ಹತ್ತಿದರೆ ನನ್ನ ಅಂಗಡಿಗೂ ಹತ್ತುತ್ತದೆ ಅಂದ. ಹೊರಗೆ ಮೆಟ್ಟಿಲ ಮೇಲೆ ಕೂತು ಕೊಯ್ಯುತ್ತೇನೆ ಅಂದಳು. ಜನ ಓಡಾಡುತ್ತಾರೆ ಅಂದ. ಅವರು ಸುತ್ತಿಕೊಂಡು ಹೋಗಲಿ ಅಂದಳು. ಅವಳು ಜಗ್ಗುವ ಗಿರಾಕಿಯಲ್ಲ ಅಂತ ಅವನಿಗೂ ಗೊತ್ತಾಯಿತು. ಅದೇ ಮಾದರಿಯ ಇನ್ನೊಂದು ಕೆಟ್ಟ ಲ್ಯಾಪ್‌ಟಾಪನ್ನು ಎಲ್ಲಿಂದಲೋ ಎಳೆದು ತೆರೆದಿಟ್ಟು, ಸ್ಕೇಲಿನಿಂದ ಅಳೆದಳೆದು ಗೀಟು ಹಾಕಿದ. ಬಾಗಿಲ ಹತ್ತಿರ ಒಂದು ಬಕೆಟ್ಟು ಮರಳು ತಂದಿಟ್ಟ. ಆಮೇಲೆ ಮೆಟ್ಟಿಲ ಮೇಲೆ ಬೇಡ, ಒಳಗೆ ದೀಪದ ಕೆಳಗೇ ಕೂತ್ಕೊಳ್ಳಿ ಅಂದ.

ಅವಳು ಕಾಜಾ ಕತ್ತರಿಸುವ ಬ್ಲೇಡು ತೆಗೆದಳು. ಗುಂಡಿಯ ಕಾಜಾಗಳನ್ನು ದಾರ ಬಿಚ್ಚಿಕೊಳ್ಳದಂತೆ ಕತ್ತರಿಸುವ ಆ ಬ್ಲೇಡು ಅವಳ ಕೈಗೆ ಬೆರಳಿನಷ್ಟೇ ರೂಢಿ. ಗೀಟಿನ ಮೇಲೆ ಮೆಲ್ಲಗೆ ಗೀರಿದಳು. ಲ್ಯಾಪ್‌ಟಾಪು ಜಾರಿತು. ಅಣ್ಣ ಎದುರಿಗೆ ಬಂದು ಕೂತು ಎರಡೂ ಮೂಲೆಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಅಂಗಡಿಯಲ್ಲಿ ದಪ್ಪ ಕೋಟಿನ ಹೊಲಿಗೆ ಬಿಚ್ಚುವಾಗ ಅವನು ಹಿಡಿಯುತ್ತಿದ್ದದ್ದು ಹೀಗೆಯೇ. ಅವನು ಹಿಡಿದರೆ ಬಟ್ಟೆ ಅಲುಗುತ್ತಿರಲಿಲ್ಲ, ಇದೂ ಅಲುಗಲಿಲ್ಲ.

ಒಂದೇ ಗೀಟಿನ ಮೇಲೆ ಮತ್ತೆ ಮತ್ತೆ ಬ್ಲೇಡು ಹೋಯಿತು. ಕಪ್ಪು ಪುಡಿ ಉದುರಿತು. ಚಿಮಟ ಮರಳಿನ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ನೋಡುತ್ತಿದ್ದ. ಅವಳಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು, ಆ ಸಿಟ್ಟೇ ಬ್ಲೇಡನ್ನು ಗೀಟಿನ ಮೇಲೇ ಓಡಿಸಿತು. ಅಣ್ಣನ ಮೇಲಿನ ಸಿಟ್ಟು, ಆಸೆ ಬಿಡಿ ಅಂತ ನಗುನಗುತ್ತಾ ಹೇಳಿದವನ ಮೇಲಿನ ಸಿಟ್ಟು, ಟೈಲರ ತಂಗಿ ಅಂತ ಕರೆದಾಗಲೆಲ್ಲ ತಿರುಗಿ ನೋಡಿದ ತನ್ನ ಮೇಲಿನ ಸಿಟ್ಟು.

"ನಾಳೆ ನಾನೊಬ್ಬಳೇ ಹೋಗ್ತೀನಿ," ಅಂದಳು, ಗೀಟಿನಿಂದ ಕಣ್ಣು ತೆಗೆಯದೆ. "ಇದು ಸಿಕ್ಕಿದ್ರೂ ಹೋಗ್ತೀನಿ, ಸಿಗದಿದ್ರೂ ಹೋಗ್ತೀನಿ. ನನ್ನ ಹೆಸರಲ್ಲಿ."

ಅಣ್ಣನ ಬಾಯಿ ತೆರೆಯಿತು. ಮಾತಾಡಿದರೆ ಕೈ ಅಲುಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡ.

ಕೊನೆಗೆ ಪ್ಲಾಸ್ಟಿಕ್ಕಿನ ತುಂಡೊಂದು ಜೇಬಿನ ಬಾಯಿಯ ಹಾಗೆ ಬಿಟ್ಟುಕೊಂಡಿತು. ಚಿಮಟ ಕಿವಿಯ ಮೇಲಿನ ಚಿಮಟ ತೆಗೆದು, ಮೊದಲು ಬ್ಯಾಟರಿಯ ವಯರು ಬಿಡಿಸಿ, ಡಿಸ್ಕನ್ನು ಎಳೆದು ಹೊರತೆಗೆದ. ಅದರ ಸಿಕ್ಕಿಸುವ ಹಲ್ಲುಗಳ ಮೇಲೆ ಟೀ ಒಣಗಿ ಪಾಕವಾಗಿತ್ತು. ಸ್ಪಿರಿಟ್ಟಿನಲ್ಲಿ ಬ್ರಷ್ಷು ಅದ್ದಿ ಉಜ್ಜಿ, ಒಣಗಲು ಬಿಟ್ಟ. ಅಣ್ಣ ಅದರ ಹತ್ತಿರ ಬಾಗಿ ಊದಲು ಹೋದಾಗ ಇಬ್ಬರೂ ಒಟ್ಟಿಗೆ ಅವನನ್ನು ಗದರಿದರು.

ಡಿಸ್ಕನ್ನು ಒಂದು ಸಣ್ಣ ಪೆಟ್ಟಿಗೆಗೆ ಹಾಕಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಏನೂ ಬರಲಿಲ್ಲ. ತೆಗೆದು ಮತ್ತೆ ಉಜ್ಜಿದ, ಮತ್ತೆ ಸಿಕ್ಕಿಸಿದ. ಆಗಲೂ ಬರಲಿಲ್ಲ. ಚಿಮಟ ಅವಳ ಮುಖ ನೋಡದೆ ಕೈ ಒರೆಸಿಕೊಳ್ಳತೊಡಗಿದ. ಅವಳು ಇನ್ನೊಂದು ವಯರು ಹಾಕಿ ನೋಡಿ ಅಂದಳು. ವಯರಿನದೇನೂ ತಪ್ಪಿಲ್ಲ ಅಂತ ಗೊಣಗುತ್ತಲೇ ಅವನು ಬೇರೆಯದು ಹುಡುಕಿ ಹಾಕಿದ. ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ಪರದೆಯ ಮೇಲೆ ಸಾಲಾಗಿ ಫೋಲ್ಡರುಗಳು ಬಂದವು. ಬೆನ್ನಿನ ಮೇಷ್ಟರು. ಗಿಡ್ಡ ತೋಳಿನ ಅಜ್ಜಿ. ಕುರ್ಚಿ ಅಂಚೆಯವನು. ಗೋಡೆ ಕಡೆ ನಿಂತವಳು. ತಂಗಿಗೆ ಕಣ್ಣು ಮಂಜಾಯಿತು, ಬ್ಲೇಡು ಹಿಡಿದ ಕೈಯಲ್ಲೇ ಒರೆಸಿಕೊಂಡಳು. ಒಂದೆರಡು ಫೋಲ್ಡರು ತೆರೆಯಲಿಲ್ಲ.

"ಪರವಾಗಿಲ್ಲ, ಅವರು ಬದುಕಿದ್ದಾರೆ," ಅಂದಳು. "ಮತ್ತೆ ಅಳತೆ ತಗೋತೀನಿ."

ಚಿಮಟ ತನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಲೇ ಅಂತ ಕೇಳಿದ. ಬೇಡ ಅಂದಳು. ಮನೆಗೆ ಹೋಗುವಾಗ ಆ ಸಣ್ಣ ಪೆಟ್ಟಿಗೆ ಅವಳ ಸೂಜಿ ಡಬ್ಬಿಯ ಜೊತೆಗಿತ್ತು, ಸುಟ್ಟ ಲ್ಯಾಪ್‌ಟಾಪು ಅಣ್ಣನ ಕಂಕುಳಲ್ಲಿತ್ತು.

ಬೆಳಿಗ್ಗೆ ಅಣ್ಣ ಮಹಡಿಯ ಮನೆಯಿಂದ ಅಂಗಡಿಗೆ ಇಳಿದು ಬಂದಾಗ ಅವಳು ಆಗಲೇ ಕಟಿಂಗ್ ಮೇಜಿನ ಹತ್ತಿರ ಕೂತಿದ್ದಳು. ಅಪ್ಪನ ಪೇಪರ್ ಕಟಿಂಗುಗಳ ಪಕ್ಕದ ಮೊಳೆಗೆ ಇಸ್ತ್ರಿಯ ಗುರುತಿನ ಲ್ಯಾಪ್‌ಟಾಪನ್ನು ತೂಗುಹಾಕಿದ್ದಳು. ಆಸ್ಪತ್ರೆಗೆ ಒಯ್ಯುವ ಅಂಗಿಗಳನ್ನು ಮುಂದೆ ಹರವಿಕೊಂಡು, ನಿನ್ನೆಯ ಅದೇ ಬ್ಲೇಡಿನಿಂದ ಕಾಲರಿನ ಲೇಬಲ್ಲುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿದ ಲೇಬಲ್ಲುಗಳು ಮೇಜಿನ ಮೂಲೆಯಲ್ಲಿ ಗುಡ್ಡೆಯಾಗಿದ್ದವು.

ಅಣ್ಣನ ಕೈಯಲ್ಲಿ ಟೀ ಲೋಟ ಇತ್ತು. ಮೇಜಿನವರೆಗೆ ಬಂದವನು ಹಿಂದೆ ಹೋಗಿ ಅದನ್ನು ಬಾಗಿಲಾಚೆ ಇಟ್ಟು ಬಂದ. ಒಂದು ಅಂಗಿ ಎತ್ತಿ ಕಾಲರನ್ನು ಬೆಳಕಿಗೆ ಹಿಡಿದ. ಲೇಬಲ್ಲು ಇದ್ದ ಜಾಗದ ಸುತ್ತ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

"ತೂತು ಕಾಣ್ತಿದೆ," ಅಂದ.

"ಕಾಣ್ಲಿ," ಅಂದಳು.

ಅವನು ಇಸ್ತ್ರಿಪೆಟ್ಟಿಗೆಗೆ ಸುತ್ತಿದ್ದ ವಯರು ಬಿಡಿಸಿ, ಪ್ಲಗ್ಗನ್ನು ಗೋಡೆಯ ಹತ್ತಿರ ಹಿಡಿದುಕೊಂಡೇ ಕೇಳಿದ.

"ಹಾಕ್ಲಾ?"

ಅವಳು ಮೊಳೆಯ ಮೇಲಿನ ಲ್ಯಾಪ್‌ಟಾಪಿನ ಕಡೆ ನೋಡಿದಳು, ಅಣ್ಣನ ಕಡೆ ನೋಡಿದಳು. ಮೇಷ್ಟರ ಅಂಗಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು.

ಅಣ್ಣ ಬಿಳಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಕಾಲರಿನ ಮೇಲೆ ಹಾಸಿದ. ಇಸ್ತ್ರಿಪೆಟ್ಟಿಗೆಯ ಮೂತಿಯನ್ನಷ್ಟೇ ಮೆಲ್ಲಗೆ ತಾಗಿಸಿದ. ಉಗಿ ಎದ್ದಿತು. ಬಟ್ಟೆ ಎತ್ತಿ, ಉಗುರಿನಿಂದ ನೂಲನ್ನು ಆಚೀಚೆ ಸರಿಸಿ, ಮತ್ತೆ ಒದ್ದೆ ಬಟ್ಟೆ ಹಾಸಿ, ಮತ್ತೆ ತಾಗಿಸಿದ. ನಾಲಿಗೆಯ ತುದಿ ಕಚ್ಚಿಕೊಂಡು ಒಂದೊಂದೇ ತೂತನ್ನು ಮುಚ್ಚುತ್ತಾ ಹೋದ. ಬಾಗಿಲಾಚೆ ಇಟ್ಟ ಟೀ ಆರಿ ತಣ್ಣಗಾಯಿತು.